ಮನೆಗೆ ಯಾವ ಇನ್ಸುಲೇಶನ್? ಅಂಕಿಗಿಂತ ಮೊದಲು ಜಾಗ ನೋಡಿ

ಇನ್ಸುಲೇಶನ್, ಅಂದರೆ ಶಾಖ ದಾಟದಂತೆ ತಡೆಯುವ ಪದರ, ಕೊಳ್ಳಲು ಹೋದವರಿಗೆ ಮೊದಲು ತೋರಿಸುವ ಅಂಕಿ ಲ್ಯಾಂಬ್ಡಾ, ಅಂದರೆ ವಸ್ತುವಿನ ಶಾಖವಾಹಕತೆ. ಅದು ಕಡಿಮೆ ಇದ್ದಷ್ಟೂ ಮಾಲು ಒಳ್ಳೆಯದು ಎನ್ನುತ್ತಾರೆ. ಅಂಕಿ ಸುಳ್ಳಲ್ಲ. ಆದರೆ ಆಯ್ಕೆಯನ್ನು ಅಲ್ಲಿಂದಲೇ ಶುರು ಮಾಡಿದರೆ ಒಳ್ಳೆಯ ಮಾಲು ತಪ್ಪು ಜಾಗ ಸೇರುತ್ತದೆ. ನೀರು ಕುಡಿದು ಜೋತುಬಿದ್ದ ಗ್ಲಾಸ್ ವೂಲ್ (ಗಾಜಿನ ನಾರಿನ ಹಾಸು), ನೆಲದಡಿ ಕುಸಿದ ಥರ್ಮೋಕೋಲ್, ಬಿಸಿ ಡಾಂಬರು ತಾಗಿ ಕರಗಿದ ಎಕ್ಸ್‌ಪಿಎಸ್ ಹಲಗೆ (ಥರ್ಮೋಕೋಲ್‌ನಂತೆ ಪಾಲಿಸ್ಟೈರೀನ್‌ನಿಂದಲೇ ಮಾಡಿದ, ಮಣಿಗಳಿಲ್ಲದ ಗಟ್ಟಿ ಫೋಮ್): ಮೂರರ ಲ್ಯಾಂಬ್ಡಾವೂ ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ.

ಹಾಗಾಗಿ ಮೊದಲು ಕೇಳಬೇಕಾದ್ದು ಜಾಗದ ಬಗ್ಗೆ. ಅಲ್ಲಿ ನೀರು ನಿಲ್ಲುತ್ತದೆಯೇ? ಮೇಲೆ ಭಾರ ಬೀಳುತ್ತದೆಯೇ? ಬೆಂಕಿ ಹತ್ತಿದರೆ ಅದು ಯಾವ ದಾರಿ ಹಿಡಿಯುತ್ತದೆ? ಗಾಳಿಯ ತೇವ ಯಾವ ಕಡೆಯಿಂದ ಯಾವ ಕಡೆಗೆ ಸಾಗುತ್ತದೆ? ಈ ನಾಲ್ಕಕ್ಕೆ ಉತ್ತರ ಸಿಕ್ಕಮೇಲೆ ಎರಡು ಮೂರು ವಸ್ತುಗಳಷ್ಟೇ ಉಳಿದಿರುತ್ತವೆ. ಲ್ಯಾಂಬ್ಡಾ, ದಪ್ಪ, ಖರ್ಚು ಇವುಗಳ ಹೋಲಿಕೆ ಆಮೇಲೆ.

ದಪ್ಪದ ಲೆಕ್ಕ

ಶಾಖವನ್ನು ತಡೆಯುವ ಶಕ್ತಿಗೆ ಆರ್ ಮೌಲ್ಯ ಎನ್ನುತ್ತಾರೆ. ಮೀಟರಿನಲ್ಲಿರುವ ದಪ್ಪವನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಅದು ಸಿಗುತ್ತದೆ. ಲ್ಯಾಂಬ್ಡಾ 0.035 ಇರುವ 100 ಮಿ.ಮೀ. ಗ್ಲಾಸ್ ವೂಲ್‌ನ ಆರ್ 2.86. ಕಾಂಕ್ರೀಟಿನ ಲ್ಯಾಂಬ್ಡಾ 1.7ರ ಸುಮಾರಿಗೆ ಇರುತ್ತದೆ, 150 ಮಿ.ಮೀ. ಸ್ಲ್ಯಾಬಿನ ಆರ್ ಬರೀ 0.09. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೂ 0.3ರ ಆಸುಪಾಸು ಮಾತ್ರ. ಗೋಡೆ ದಪ್ಪವಿದ್ದರೆ ಮನೆ ತಂಪು ಎಂಬ ನಂಬಿಕೆಯಲ್ಲಿ ಅರ್ಧ ನಿಜವಿದೆ: ದಪ್ಪ ಗೋಡೆ ಮಧ್ಯಾಹ್ನದ ಬಿಸಿಯನ್ನು ರಾತ್ರಿಗೆ ಮುಂದೂಡುತ್ತದೆ, ಆದರೆ ನಿಲ್ಲಿಸುವುದಿಲ್ಲ.

ಆರ್ 2.5 ಗುರಿ ಇಟ್ಟುಕೊಂಡರೆ ಬೇಕಾಗುವ ದಪ್ಪ ಹೀಗಿದೆ:

- ಪಿಐಆರ್, ಅಂದರೆ ಪಾಲಿಯುರೆಥೇನ್ ಜಾತಿಯ ಗಟ್ಟಿ ಫೋಮ್ ಹಲಗೆ (0.023): 58 ಮಿ.ಮೀ.
- ಬೂದು ಬಣ್ಣದ, ಗ್ರಾಫೈಟ್ ಸೇರಿದ ಥರ್ಮೋಕೋಲ್ (0.031): 78 ಮಿ.ಮೀ.
- ಎಕ್ಸ್‌ಪಿಎಸ್ (0.033): 83 ಮಿ.ಮೀ.
- ಗ್ಲಾಸ್ ವೂಲ್, ಕಲ್ಲಿನ ನಾರಿನ ರಾಕ್ ವೂಲ್ (0.035): 88 ಮಿ.ಮೀ.
- ಬಿಳಿ ಥರ್ಮೋಕೋಲ್, ಅಂದರೆ ಇಪಿಎಸ್ (0.036): 90 ಮಿ.ಮೀ.
- ಕಾಗದದ ನಾರಿನ ಸೆಲ್ಯುಲೋಸ್ (0.040): 100 ಮಿ.ಮೀ.
- ಮರದ ನಾರಿನ ಹಲಗೆ (0.042): 105 ಮಿ.ಮೀ.
- ಎಎಸಿ ಬ್ಲಾಕ್, ಅಂದರೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ (0.13): 325 ಮಿ.ಮೀ.

ಪಟ್ಟಿಯ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಬಿಟ್ಟರೆ ನಡುವಿನ ವಸ್ತುಗಳ ಅಂತರ ಒಂದು ಇಂಚಿನಷ್ಟೇ. ಜಾಗಕ್ಕೆ ಕೊರತೆ ಇಲ್ಲದಿದ್ದರೆ ಆ ಒಂದು ಇಂಚಿಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊದಲ ಪದರ ಮಾಡುವಷ್ಟು ಕೆಲಸವನ್ನು ಎರಡನೆಯದು ಮಾಡುವುದಿಲ್ಲ ಎಂಬುದೂ ನೆನಪಿರಲಿ. ಬರಿಯ ತಾರಸಿಯ ಮೂಲಕ, ಒಳ ಹೊರ ಮೇಲ್ಮೈಗಳ ತಡೆಯನ್ನೂ ಸೇರಿಸಿ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4 ವಾಟ್ ಶಾಖ ದಾಟುತ್ತದೆ. 50 ಮಿ.ಮೀ. ಎಕ್ಸ್‌ಪಿಎಸ್ ಹಾಕಿದರೆ ಅದು 0.57ಕ್ಕೆ ಇಳಿಯುತ್ತದೆ. ಇನ್ನೊಂದು 50 ಹಾಕಿದರೆ 0.31, ಮೂರನೆಯದಕ್ಕೆ 0.21. ಹಣ ಸೀಮಿತವಾಗಿದ್ದರೆ ಒಂದೇ ಕಡೆ 150 ಮಿ.ಮೀ. ಪೇರಿಸುವ ಬದಲು ತಾರಸಿಗೆ ಒಂದಿಷ್ಟು, ಬಿಸಿಲು ಬೀಳುವ ಗೋಡೆಗೆ ಒಂದಿಷ್ಟು ಎಂದು ಹಂಚುವುದು ಲಾಭ.

ಈ ಲೆಕ್ಕವನ್ನೆಲ್ಲ ಕೆಡಿಸುವುದು ಸಂದುಗಳು. ಖಾಲಿ ಇದ್ದಾಗ ಆರ್ 0.5 ಇರುವ ಗೋಡೆಗೆ 100 ಮಿ.ಮೀ. ವೂಲ್ ತುಂಬಿಸಿ, ಶೇ 5ರಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ಎಂದುಕೊಳ್ಳಿ. ದಾಟುವ ಶಾಖ ಶೇ 5ರಷ್ಟಲ್ಲ, ಸುಮಾರು ಶೇ 29ರಷ್ಟು ಹೆಚ್ಚುತ್ತದೆ. ಸಾಧಾರಣ ಮಾಲನ್ನು ಸಂದಿಲ್ಲದೆ ಕೂರಿಸಿದ ಗೋಡೆ, ಉತ್ತಮ ಮಾಲನ್ನು ಅವಸರದಲ್ಲಿ ತುರುಕಿದ ಗೋಡೆಗಿಂತ ಎಷ್ಟೋ ಮೇಲು. 100 ಮಿ.ಮೀ. ವೂಲನ್ನು 70 ಮಿ.ಮೀ. ಸಂದಿಗೆ ಅದುಮಿದರೂ ಅಷ್ಟೇ, ಆರ್ 2.86ರಿಂದ 2.1ರ ಹತ್ತಿರಕ್ಕೆ ಇಳಿಯುತ್ತದೆ.

ತಾರಸಿ

ಬಿಸಿಲಿನ ಊರುಗಳಲ್ಲಿ ಖರ್ಚು ಮಾಡಬೇಕಾದ ಮೊದಲ ಜಾಗ ಇದು. ದಿನವಿಡೀ ಸೂರ್ಯ ನೆತ್ತಿಯ ಮೇಲೇ ಸುಡುವ ಭಾಗ ಮನೆಯಲ್ಲಿ ಇದೊಂದೇ. ಇನ್ಸುಲೇಶನ್ ಸ್ಲ್ಯಾಬಿನ ಮೇಲಿರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೇಲಿದ್ದರೆ ಸ್ಲ್ಯಾಬ್ ಕಾಯುವುದಿಲ್ಲ, ಹಗಲು ಹಿಗ್ಗಿ ರಾತ್ರಿ ಕುಗ್ಗುವುದು ತಗ್ಗುತ್ತದೆ, ಹಾಗಾಗಿ ಬಿರುಕೂ ಕಡಿಮೆ. ಕೆಳಗೆ ಫಾಲ್ಸ್ ಸೀಲಿಂಗ್ ಮೇಲೆ ವೂಲ್ ಹಾಸಿದರೆ ಕೋಣೆಗೆ ಬಿಸಿ ಇಳಿಯುವುದು ನಿಲ್ಲುತ್ತದೆ ನಿಜ, ಆದರೆ ಸ್ಲ್ಯಾಬ್ ಮೊದಲಿನಂತೆಯೇ ಕಾದು ಬಿರುಕು ಬಿಡುತ್ತಿರುತ್ತದೆ.

ಮೇಲೆ ಹಾಕುವುದಕ್ಕೆ ಎರಡು ಕ್ರಮಗಳಿವೆ. ಒಂದರಲ್ಲಿ ವಾಟರ್‌ಪ್ರೂಫಿಂಗ್ ಪದರದ ಮೇಲೆ ಇನ್ಸುಲೇಶನ್ ಬರುತ್ತದೆ. ಇಲ್ಲಿ ಮಳೆನೀರು ಹಲಗೆಯ ಸುತ್ತಲೂ ಹರಿಯುವುದರಿಂದ ಎಕ್ಸ್‌ಪಿಎಸ್ ಬಿಟ್ಟು ಬೇರೆ ಯೋಚನೆ ಬೇಡ. ಅದರ ಕೋಶಗಳು ಮುಚ್ಚಿರುತ್ತವೆ, 28 ದಿನ ನೀರಿನಲ್ಲಿ ಮುಳುಗಿಸಿಟ್ಟರೂ ಒಳ್ಳೆಯ ಹಲಗೆ ತನ್ನ ಗಾತ್ರದ ಶೇ 1ರಷ್ಟೂ ನೀರು ಹೀರುವುದಿಲ್ಲ. ಬಿಳಿ ಥರ್ಮೋಕೋಲ್‌ನಲ್ಲಿ ಮಣಿಗಳ ನಡುವೆ ಸಂದಿರುತ್ತದೆ, ನಿಧಾನವಾಗಿ ನೀರು ಸೇರುತ್ತದೆ.

ಕೆಲಸದ ಕ್ರಮ ಹೀಗೆ. ಸ್ಲ್ಯಾಬಿನ ಮೇಲೆ 80ರಿಂದ 100 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಸಿಗುವಂತೆ ಗಾರೆ; ಅದರ ಮೇಲೆ ವಾಟರ್‌ಪ್ರೂಫಿಂಗ್; ನೀರು ಕಟ್ಟಿ 24ರಿಂದ 48 ಗಂಟೆ ಪರೀಕ್ಷೆ. ಒಳಗೆ ಒಂದು ಹನಿ ತೇವ ಕಂಡರೂ ಮುಂದಕ್ಕೆ ಹೋಗಬಾರದು. ಆಮೇಲೆ ಅಂಚಿಗೆ ಮೆಟ್ಟಿಲು ಕತ್ತರಿಸಿದ ಎಕ್ಸ್‌ಪಿಎಸ್ ಹಲಗೆಗಳನ್ನು ಒಂದೇ ಪದರದಲ್ಲಿ, ಇಟ್ಟಿಗೆ ಜೋಡಿಸುವಂತೆ ಸಂದು ತಪ್ಪಿಸಿ ಹಾಸುವುದು. ಮೇಲೆ ನೀರು ಸೋಸಿ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಅದರ ಮೇಲೆ ಜಲ್ಲಿ ಅಥವಾ ಹಾಸುಗಲ್ಲು. ಎರಡು ಪದರ ಹಾಕಿದರೆ ನಡುವೆ ನಿಂತ ನೀರು ಮೇಲಿನ ಹಲಗೆಯೊಳಕ್ಕೆ ಆವಿಯಾಗಿ ಸೇರಿಕೊಳ್ಳುತ್ತದೆ. ಅದಕ್ಕೇ ಒಂದೇ ಪದರ.

ಭಾರ ಇಡದೆ ಬಿಡುವಂತಿಲ್ಲ. ಎಕ್ಸ್‌ಪಿಎಸ್ ತೇಲುತ್ತದೆ. ನೀರಿನ ಕೊಳವೆ ಕಟ್ಟಿಕೊಂಡು ತಾರಸಿ ತುಂಬಿದರೆ 50 ಮಿ.ಮೀ. ಹಲಗೆ ಪ್ರತಿ ಚದರ ಮೀಟರಿಗೆ ಸುಮಾರು 48 ಕೆ.ಜಿ. ಬಲದಿಂದ ಮೇಲಕ್ಕೆ ಒತ್ತುತ್ತದೆ. 50 ಮಿ.ಮೀ. ಜಲ್ಲಿಯ ತೂಕ ಸುಮಾರು 80 ಕೆ.ಜಿ. ಹಲಗೆ ದಪ್ಪವಾದಷ್ಟೂ ಜಲ್ಲಿಯೂ ದಪ್ಪವಾಗಬೇಕು, ಆ ತೂಕವನ್ನು ಸ್ಲ್ಯಾಬ್ ಹೊರುತ್ತದೆಯೇ ಎಂದು ಎಂಜಿನಿಯರ್ ಹತ್ತಿರ ಮೊದಲೇ ಲೆಕ್ಕ ಮಾಡಿಸಬೇಕು. ಜಲ್ಲಿ ಹೊತ್ತು ತರುವ ತನಕ ಹಲಗೆಗಳನ್ನು ಬಿಸಿಲಿಗೆ ಬಿಡಬೇಡಿ. ಕೆಲವು ವಾರಗಳಲ್ಲೇ ಮೇಲ್ಮೈ ಹಳದಿಯಾಗಿ ಪುಡಿ ಏಳುತ್ತದೆ.

ಎರಡನೆಯ ಕ್ರಮದಲ್ಲಿ ಇನ್ಸುಲೇಶನ್ ಕೆಳಗೆ, ವಾಟರ್‌ಪ್ರೂಫಿಂಗ್ ಮೇಲೆ. ಇಲ್ಲಿ ಪಿಐಆರ್ ಅಥವಾ ಗಟ್ಟಿ ಥರ್ಮೋಕೋಲ್ ನಡೆಯುತ್ತದೆ, ತೂಕ ಕಡಿಮೆ, ದಪ್ಪವೂ ಕಡಿಮೆ. ಆದರೆ ವಾಟರ್‌ಪ್ರೂಫಿಂಗ್ ಪದರ ನೇರ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ, ಅದು ಹರಿದರೆ ನೀರು ಇನ್ಸುಲೇಶನ್ ಒಳಗೇ ಸಿಕ್ಕಿಕೊಳ್ಳುತ್ತದೆ. ಡಾಂಬರು ಶೀಟನ್ನು ಜ್ವಾಲೆ ಹಿಡಿದು ಅಂಟಿಸುವುದಾದರೆ ಥರ್ಮೋಕೋಲ್, ಎಕ್ಸ್‌ಪಿಎಸ್ ಎರಡೂ ಬೇಡ: ಎರಡೂ 75ರಿಂದ 80 ಡಿಗ್ರಿಗೇ ಮೆತ್ತಗಾಗುತ್ತವೆ, ಕರಗಿದ ಡಾಂಬರು 160 ಡಿಗ್ರಿಗೂ ಮೇಲಿರುತ್ತದೆ. ಪೆಟ್ರೋಲಿನಂಥ ದ್ರಾವಕ ಇರುವ ಅಂಟು, ಪ್ರೈಮರ್‌ಗಳೂ ಇವೆರಡನ್ನೂ ಕರಗಿಸಿಬಿಡುತ್ತವೆ. ಡಬ್ಬದ ಮೇಲೆ ಪಾಲಿಸ್ಟೈರೀನ್‌ಗೆ ಸರಿಹೊಂದುತ್ತದೆ ಎಂದು ಬರೆದಿರುವುದನ್ನೇ ತನ್ನಿ.

ಬಿಳಿ ಪ್ರತಿಫಲನ ಬಣ್ಣ ಇನ್ಸುಲೇಶನ್ ಅಲ್ಲ. ಬಿಸಿಲನ್ನು ಹಿಂದಕ್ಕೆ ಕಳಿಸುವುದಷ್ಟೇ ಅದರ ಕೆಲಸ. ಧೂಳು ಪಾಚಿ ಕೂತಂತೆ ಗುಣ ಇಳಿಯುತ್ತದೆ. ಆದರೂ ಖರ್ಚಿಗೆ ಹೋಲಿಸಿದರೆ ಒಳ್ಳೆಯ ಜೊತೆಗಾರ.

ಹೊರಗೋಡೆ

ಗೋಡೆಯ ಹೊರಮೈಗೆ ಹಲಗೆ ಅಂಟಿಸಿ ತೆಳು ಗಿಲಾವು ಮಾಡುವ ಕ್ರಮಕ್ಕೆ ಮೂರು ಸ್ಪರ್ಧಿಗಳು: ಥರ್ಮೋಕೋಲ್, ರಾಕ್ ವೂಲ್, ಮರದ ನಾರು. ಥರ್ಮೋಕೋಲ್ ಹಗುರ, ಕತ್ತರಿಸಲು ಸುಲಭ. ರಾಕ್ ವೂಲ್ ತೂಕ ಜಾಸ್ತಿ, ಆದರೆ ಉರಿಯುವುದಿಲ್ಲ, ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಮರದ ನಾರು ಭಾರವಾದ್ದರಿಂದ ತಾನೇ ಒಂದಿಷ್ಟು ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ತಲುಪುವುದು ತಡವಾಗುತ್ತದೆ. ಎಕ್ಸ್‌ಪಿಎಸ್ ಇಲ್ಲಿ ಬುಡದ ಭಾಗಕ್ಕೆ ಮಾತ್ರ, ನೆಲದಿಂದ ಸುಮಾರು 300 ಮಿ.ಮೀ. ತನಕ, ಮಳೆ ಎರಚುವ ಜಾಗಕ್ಕೆ. ನುಣುಪು ಮೈಯ ಎಕ್ಸ್‌ಪಿಎಸ್‌ಗೆ ಗಾರೆ ಹಿಡಿಯುವುದಿಲ್ಲ, ಮೈ ಒರಟು ಮಾಡಿದ ಹಲಗೆಯನ್ನೇ ಕೇಳಿ.

ಈ ಕೆಲಸ ಹಾಳಾಗುವುದು ಹೆಚ್ಚಾಗಿ ಅಂಟಿನಲ್ಲಿ. ಐದಾರು ಕಡೆ ಗಾರೆಯ ಉಂಡೆ ಇಟ್ಟು ಹಲಗೆಯನ್ನು ಗೋಡೆಗೆ ಒತ್ತಿದರೆ ಹಿಂದೆ ಗಾಳಿ ಓಡಾಡುವ ಸಂದು ಉಳಿಯುತ್ತದೆ. ಗಾಳಿ ಅಲ್ಲಿ ಸುತ್ತಿ ಇನ್ಸುಲೇಶನ್ ವ್ಯರ್ಥವಾಗುತ್ತದೆ, ಹಲಗೆಯ ಅಂಚು ಬಾಗುತ್ತದೆ, ಬೆಂಕಿ ಬಿದ್ದರೆ ಅದೇ ಸಂದು ಚಿಮಣಿಯಾಗುತ್ತದೆ. ಹಲಗೆಯ ನಾಲ್ಕೂ ಅಂಚಿಗೆ ಮುರಿಯದ ಗಾರೆಯ ಪಟ್ಟಿ, ನಡುವೆ ಮೂರು ಉಂಡೆ, ಒತ್ತಿದ ಮೇಲೆ ಕನಿಷ್ಠ ಶೇ 40ರಷ್ಟು ಮೈಗೆ ಗಾರೆ ತಾಗಿರಬೇಕು. ಪರೀಕ್ಷಿಸಲು ಆಗಷ್ಟೇ ಅಂಟಿಸಿದ ಒಂದು ಹಲಗೆಯನ್ನು ಮೇಸ್ತ್ರಿಯಿಂದ ಕಿತ್ತು ತೆಗೆಸಿ ಹಿಂಬದಿ ನೋಡಿ. ಒಂದು ಹಲಗೆ ಹೋದರೆ ಹೋಗಲಿ.

ಹಲಗೆಗಳ ನಡುವೆ 2 ಮಿ.ಮೀ.ಗಿಂತ ದೊಡ್ಡ ಸಂದು ಉಳಿದರೆ ಅದೇ ವಸ್ತುವಿನ ಚೂರು ಅಥವಾ ಫೋಮ್ ತುಂಬಬೇಕು. ಗಾರೆ ತುಂಬಿದರೆ ಶಾಖ ಅಲ್ಲಿಂದಲೇ ದಾಟಿ, ಕೆಲವೇ ತಿಂಗಳಲ್ಲಿ ಹಲಗೆಯ ಚೌಕಗಳು ಗೋಡೆಯ ಮೇಲೆ ಎದ್ದು ಕಾಣುತ್ತವೆ. ಕಿಟಕಿಯ ಮೂಲೆಗೆ ಎರಡು ಹಲಗೆಗಳ ಸಂದು ಬರಬಾರದು. ಒಂದೇ ಹಲಗೆಯನ್ನು ಮೂಲೆ ಆಕಾರಕ್ಕೆ ಕತ್ತರಿಸಿ ಕೂರಿಸಿ, ಮೇಲೆ 200×300 ಮಿ.ಮೀ. ಜಾಲರಿ ತುಂಡನ್ನು ಓರೆಯಾಗಿ ಹಾಕಬೇಕು. ಇಲ್ಲದಿದ್ದರೆ ಬಿರುಕು ಆ ಮೂಲೆಯಿಂದಲೇ ಶುರು. ಜಾಲರಿ ಕ್ಷಾರ ತಡೆಯುವ ಗಾಜಿನ ನಾರಿನದ್ದಾಗಿರಲಿ, ಚದರ ಮೀಟರಿಗೆ 160 ಗ್ರಾಂ ಆಸುಪಾಸು, ಒಂದರ ಮೇಲೊಂದು 100 ಮಿ.ಮೀ. ಬರಲಿ. ಹಲಗೆಗೆ ಜಾಲರಿ ಅಂಟಿಸಿ ಮೇಲೆ ಗಾರೆ ಎಳೆಯುವುದು ತಪ್ಪು. ಮೊದಲು ಗಾರೆ, ಹಸಿ ಇರುವಾಗಲೇ ಅದರೊಳಕ್ಕೆ ಜಾಲರಿ.

ಹೊಸದಾಗಿ ಅಚ್ಚಾದ ಥರ್ಮೋಕೋಲ್ ಕೆಲವು ವಾರ ಕುಗ್ಗುತ್ತಲೇ ಇರುತ್ತದೆ. ಆರು ವಾರವಾದರೂ ಹಳೆಯದಾದ ಮಾಲು ಬೇಕೆಂದು ಬರೆದು ಕೊಡಿ. ಬೂದು ಹಲಗೆಯನ್ನು ಬಿಸಿಲಿನಲ್ಲಿ ಅಂಟಿಸಬೇಡಿ: ಕಪ್ಪು ಮೈ ಬೇಗ ಕಾದು ಹಿಗ್ಗುತ್ತದೆ, ಸಂಜೆ ಕುಗ್ಗುವಾಗ ಹಸಿ ಅಂಟಿನಿಂದ ಕಳಚಿಕೊಳ್ಳುತ್ತದೆ. ನೆರಳಿನ ಬಲೆ ಕಟ್ಟಿಯೇ ಕೆಲಸ ಮಾಡಿಸಬೇಕು.

ಗೆದ್ದಲಿಗೆ ಫೋಮ್ ಆಹಾರವಲ್ಲ, ಆದರೆ ಅದನ್ನು ಕೊರೆದು ಗುಟ್ಟಾಗಿ ಮರದ ತನಕ ಹೋಗುತ್ತದೆ. ಗೆದ್ದಲ ಕಾಟ ಇರುವೆಡೆ ಅಡಿಪಾಯದ ಮೇಲೆ 150 ಮಿ.ಮೀ. ಪಟ್ಟಿಯನ್ನು ಬರಿದಾಗಿ ಬಿಡಿ. ಮಣ್ಣಿನ ಸುರಂಗ ಕಣ್ಣಿಗೆ ಬೀಳುವುದು ಅಲ್ಲೇ.

ಒಳಗಿನಿಂದ ಹಾಕುವುದಾದರೆ

ಹೊರಮೈ ಮುಟ್ಟಲಾಗದ ಮನೆಗಳಿಗೆ ಮಾತ್ರ ಇದು. ಕೋಣೆ ಚಿಕ್ಕದಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ತೇವ. 20 ಡಿಗ್ರಿ, ಶೇ 50 ತೇವಾಂಶದ ಗಾಳಿ 9 ಡಿಗ್ರಿಯ ಮೇಲ್ಮೈಗೆ ತಾಗಿದರೆ ನೀರಾಗುತ್ತದೆ. ಚಳಿದೇಶದಲ್ಲಿ ಒಳಗಿನ ಇನ್ಸುಲೇಶನ್ ಹಿಂದಿರುವ ಗೋಡೆ ಅಷ್ಟು ತಣ್ಣಗಾಗಿರುತ್ತದೆ. ಆದ್ದರಿಂದ ಅಲ್ಲಿ ಆವಿ ತಡೆಯುವ ಹಾಳೆ ಕೋಣೆಯ ಕಡೆಗೆ ಬರಬೇಕು.

ಬಿಸಿ ಮತ್ತು ತೇವ ಎರಡೂ ಇರುವ ಕಡೆ, ಎಸಿ ಓಡುವ ಕೋಣೆಯಲ್ಲಿ, ಲೆಕ್ಕ ಉಲ್ಟಾ. 30 ಡಿಗ್ರಿ, ಶೇ 70 ತೇವಾಂಶದ ಹೊರಗಾಳಿ 24 ಡಿಗ್ರಿಗೇ ಹನಿಗಟ್ಟುತ್ತದೆ. ಎಸಿ ಕೋಣೆಯ ಗೋಡೆಯ ಒಳಮೈ ಅದಕ್ಕಿಂತ ತಣ್ಣಗಿರಬಹುದು. ಚಳಿದೇಶದ ಪುಸ್ತಕ ನೋಡಿ ಕೋಣೆಯ ಕಡೆಗೆ ಪ್ಲಾಸ್ಟಿಕ್ ಹಾಳೆ ಹೊಡೆದರೆ ಹೊರಗಿನಿಂದ ಬಂದ ಆವಿ ಅದರ ಬೆನ್ನಿಗೆ ನೀರಾಗಿ ನಿಂತು, ವರ್ಷದೊಳಗೆ ಬೂಷ್ಟಿನ ವಾಸನೆ ಶುರು. ಇಂಥ ಕಡೆ ತಡೆಯೇನಿದ್ದರೂ ಹೊರಗಿನ ಕಡೆಗಿರಲಿ, ಒಳಮೈ ಆವಿ ಬಿಡುವಂತಿರಲಿ. ವಾಲ್‌ಪೇಪರ್ ಆಗಿ ಅಂಟಿಸುವ ವಿನೈಲ್ ಹಾಳೆಯೂ ಆವಿತಡೆಯೇ ಎಂಬುದನ್ನು ಮರೆಯಬೇಡಿ.

ಗೋಡೆಗೆ ನೀರು ಸೋರುತ್ತಿದ್ದರೆ, ಬುಡದಿಂದ ತೇವ ಏರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಇನ್ಸುಲೇಶನ್ ತೇವವನ್ನು ಮರೆಮಾಚುತ್ತದೆ, ವಾಸಿ ಮಾಡುವುದಿಲ್ಲ.

ಲೋಹದ ಚೌಕಟ್ಟಿನ ನಡುವೆ ವೂಲ್ ತುಂಬುವವರು ಗಮನಿಸಿ: ಉಕ್ಕಿನ ಲ್ಯಾಂಬ್ಡಾ 50ರ ಸುಮಾರು. ಶಾಖ ವೂಲನ್ನು ಬಿಟ್ಟು ಚೌಕಟ್ಟಿನಲ್ಲೇ ದಾಟಿ ಗೋಡೆಯ ತಡೆ ಅರ್ಧಕ್ಕೆ ಇಳಿಯಬಹುದು. ಚೌಕಟ್ಟಿನ ಮೇಲೆ ಅಡ್ಡಲಾಗಿ ಒಂದು ತೆಳು ಹಲಗೆ ಮುರಿಯದೆ ಹಾಸುವುದೇ ಇದಕ್ಕೆ ಪರಿಹಾರ. ಕೋಣೆ ಕೋಣೆಗಳ ನಡುವಿನ ಗೋಡೆಗೆ, ಸದ್ದು ತಡೆಯಲು, ವೂಲ್ ಬಿಟ್ಟರೆ ಬೇರೆ ಇಲ್ಲ. ಗಟ್ಟಿ ಫೋಮ್ ಸದ್ದನ್ನು ಹೀರುವುದಿಲ್ಲ.

ಹೆಂಚು, ಶೀಟು ಮಾಡು

ಇಳಿಜಾರು ಮಾಡಿಗೆ ವೂಲ್, ಸೆಲ್ಯುಲೋಸ್, ಮರದ ನಾರು ಮೂರೂ ಹೊಂದುತ್ತವೆ. ಸೆಲ್ಯುಲೋಸ್‌ಗೆ ಬೋರೇಟ್ ಲವಣ ಬೆರೆಸಿರುವುದರಿಂದ ಬೆಂಕಿ, ಹುಳ ಎರಡಕ್ಕೂ ತಡೆ ಇದೆ. ಸಡಿಲವಾಗಿ ಸುರಿದರೆ ಕಾಲಕ್ರಮೇಣ ಕುಸಿಯುತ್ತದೆ. ಗೋಡೆಯೊಳಗೆ ಊದಿ ತುಂಬುವುದಾದರೆ ಘನ ಮೀಟರಿಗೆ 55 ಕೆ.ಜಿ.ಯಷ್ಟು ಒತ್ತಾಗಿರಬೇಕು. 80 ಚದರ ಮೀಟರ್ ಗೋಡೆ, 140 ಮಿ.ಮೀ. ಆಳ, ಅದರಲ್ಲಿ ಶೇ 15 ಮರದ ಚೌಕಟ್ಟು ಕಳೆದರೆ 9.5 ಘನ ಮೀಟರ್, ಅಂದರೆ ಸುಮಾರು 525 ಕೆ.ಜಿ. ಕೆಲಸ ಮುಗಿದಾಗ ಖಾಲಿ ಚೀಲ ಎಣಿಸಿ. 400 ಕೆ.ಜಿ. ಲೆಕ್ಕ ಬಂದರೆ ಗೋಡೆಯ ಮೇಲ್ಭಾಗ ಮುಂದೆ ಖಾಲಿಯಾಗುತ್ತದೆ.

ಬಬಲ್ ಫಾಯಿಲ್, ಅಂದರೆ ಹೊಳೆಯುವ ಲೋಹದ ಮೈಯಿರುವ ಗಾಳಿಗುಳ್ಳೆ ಹಾಳೆಯ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. 4 ಮಿ.ಮೀ. ಹಾಳೆಯ ಸ್ವಂತ ಆರ್ 0.1ರಷ್ಟು. ಅದರ ಶಕ್ತಿ ಇರುವುದು ಹೊಳೆಯುವ ಮೈ ಮತ್ತು ಅದರೆದುರಿನ ಗಾಳಿಯ ಸಂದಿನಲ್ಲಿ. ಹೊಳೆಯುವ ಮೈಯೆದುರು 25 ಮಿ.ಮೀ. ಖಾಲಿ ಬಿಡದೆ ಅಂಟಿಸಿದರೆ ಅದು ಬರೀ ಲೋಹದ ಹಾಳೆ, ಶಾಖವನ್ನು ಹಾಗೇ ದಾಟಿಸುತ್ತದೆ. ಹೊಳೆಯುವ ಮೈ ಕೆಳಮುಖವಾಗಿರಲಿ. ಮೇಲ್ಮುಖವಾದರೆ ಧೂಳು ಕೂತು ಹೊಳಪು ಹೋಗುತ್ತದೆ.

ನೆಲ

ನೆಲದಡಿಗೆ ಲ್ಯಾಂಬ್ಡಾಗಿಂತ ಭಾರ ಹೊರುವ ಗುಣ ಮುಖ್ಯ. ಇಪಿಎಸ್ 100 ಎಂದರೆ ಹಲಗೆ ಶೇ 10ರಷ್ಟು ಕುಸಿಯಲು 100 ಕಿಲೋಪಾಸ್ಕಲ್ ಒತ್ತಡ ಬೇಕು. ನೆಲ ಅಷ್ಟು ಕುಸಿದರೆ ಟೈಲ್ಸ್ ಉಳಿಯುವುದಿಲ್ಲ, ಹಾಗಾಗಿ ನಿರಂತರ ಭಾರಕ್ಕೆ ಆ ಅಂಕಿಯ ಶೇ 30ನ್ನಷ್ಟೇ ನಂಬಬೇಕು. ವಾಸದ ಕೋಣೆಗೆ ಇಪಿಎಸ್ 100 ಅಥವಾ 150 ಸಾಕು; ಕಾರು ನಿಲ್ಲುವ ಕಡೆ 300ರ ಎಕ್ಸ್‌ಪಿಎಸ್. ಸುತ್ತಲೂ ಗೋಡೆಯಂಚಿಗೆ 25 ಮಿ.ಮೀ. ಇನ್ಸುಲೇಶನ್ ಪಟ್ಟಿ ನಿಲ್ಲಿಸಿ.

ಸ್ಪ್ರೇ ಫೋಮ್

ಸೊಟ್ಟ ಮೂಲೆ, ಪೈಪುಗಳ ಸುತ್ತ ಇದರಷ್ಟು ಚೆನ್ನಾಗಿ ಗಾಳಿ ತಡೆಯುವುದು ಬೇರಿಲ್ಲ. ಆದರೆ ವಸ್ತು ತಯಾರಾಗುವುದೇ ನಿಮ್ಮ ಮನೆಯಲ್ಲಿ, ಎರಡು ದ್ರವಗಳು ಬೆರೆತು. ಅನುಪಾತ ತಪ್ಪಿದರೆ ಫೋಮ್ ಅಂಟಂಟಾಗಿ ಉಳಿದು ತಿಂಗಳುಗಟ್ಟಲೆ ವಾಸನೆ ಬರುತ್ತದೆ, ಅಥವಾ ಒಣಗಿ ಗೋಡೆಯಿಂದ ಬಿಡುತ್ತದೆ. ಗಟ್ಟಿ ಬಗೆಯದ್ದನ್ನು ಒಂದು ಸಲಕ್ಕೆ 50 ಮಿ.ಮೀ.ಗಿಂತ ದಪ್ಪ ಸಿಂಪಡಿಸಿದರೆ ಒಳಗಿನ ಬಿಸಿಗೆ ಸುಟ್ಟುಹೋಗಬಹುದು. ಹಸಿ ಮರದ ಮೇಲೆ ಹಿಡಿಯುವುದಿಲ್ಲ. ಸಿಂಪಡಿಸುವಾಗಿನ ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ಅಪಾಯಕಾರಿ. ತಯಾರಕರು ಹೇಳಿದ ಅವಧಿ, ಸಾಮಾನ್ಯವಾಗಿ 24 ಗಂಟೆ, ಮುಗಿಯದೆ ಮನೆಗೆ ಕಾಲಿಡಬಾರದು. ಹೆಂಚಿನ ತಳಕ್ಕೆ ನೇರವಾಗಿ ಹೊಡೆಸುವುದಕ್ಕೆ ನಾವು ವಿರೋಧ: ಒಡೆದ ಹೆಂಚು ಕಾಣುವುದಿಲ್ಲ, ಬದಲಿಸಲೂ ಆಗುವುದಿಲ್ಲ, ಮರ ಒಳಗೇ ಕೊಳೆಯುತ್ತದೆ.

ಬೆಂಕಿ, ವೈರು, ಹಳೆಯ ಮನೆ

ರಾಕ್ ವೂಲ್ ನಾರು 1000 ಡಿಗ್ರಿಗೂ ಕರಗುವುದಿಲ್ಲ. ಥರ್ಮೋಕೋಲ್, ಎಕ್ಸ್‌ಪಿಎಸ್ ಕರಗಿ ಉರಿಯುತ್ತಾ ತೊಟ್ಟಿಕ್ಕುತ್ತವೆ. ಪಿಐಆರ್ ಕರಿಕಾಗುತ್ತದೆ, ಕರಗುವುದಿಲ್ಲ, ಆದರೆ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಮಂದಿ ಸತ್ತರು. ಬೆಂಕಿ ಹರಡಿದ್ದಕ್ಕೆ ಪಾಲಿಥಿಲೀನ್ ತಿರುಳಿನ ಹೊರಹೊದಿಕೆ ಮುಖ್ಯ ಕಾರಣ, ಅದರ ಹಿಂದಿದ್ದ ಫೋಮ್ ಇನ್ಸುಲೇಶನ್ನೂ ಸೇರಿಕೊಂಡಿತ್ತು. ಎತ್ತರದ ಕಟ್ಟಡಕ್ಕೆ, ಎರಡು ಮನೆಗಳ ನಡುವಿನ ಗೋಡೆಗೆ, ಒಲೆ ಚಿಮಣಿಗಳ ಸುತ್ತ ರಾಕ್ ವೂಲ್ ಬಿಟ್ಟು ಬೇರೆ ಹಾಕಬೇಡಿ. ಮನೆಯೊಳಗೆ ಯಾವ ಫೋಮನ್ನೂ ಬರಿಮೈಯಲ್ಲಿ ಬಿಡಬೇಡಿ, ಜಿಪ್ಸಂ ಹಲಗೆ ಅಥವಾ ಗಿಲಾವು ಮುಚ್ಚಿರಲಿ.

ಪಿವಿಸಿ ವೈರು ಥರ್ಮೋಕೋಲ್‌ಗೆ ತಾಗಿದ್ದರೆ ವೈರಿನ ಹೊದಿಕೆಯನ್ನು ಮೃದುವಾಗಿಡುವ ರಾಸಾಯನಿಕವನ್ನು ಅದು ಹೀರಿಕೊಳ್ಳುತ್ತದೆ, ಹೊದಿಕೆ ಪೆಡಸಾಗಿ ಬಿರಿಯುತ್ತದೆ. ವೈರು ಕೊಳವೆಯೊಳಗೇ ಹೋಗಲಿ. ಸೀಲಿಂಗಿನ ಹುದುಗು ದೀಪಗಳ ಮೇಲೆ ಇನ್ಸುಲೇಶನ್ ಮುಚ್ಚುವ ಮುನ್ನ, ಆ ದೀಪ ಅದಕ್ಕೆ ತಕ್ಕದ್ದೇ ಎಂದು ನೋಡಿ.

ಹಳೆಯ ಮನೆ ಒಡೆಯುವಾಗ ಅಟ್ಟದಲ್ಲಿ ಹೊಳೆಯುವ ಹರಳಿನಂಥ ವರ್ಮಿಕ್ಯುಲೈಟ್ ಸಿಕ್ಕರೆ ಕೈ ಹಾಕಬೇಡಿ. ಅಮೆರಿಕದ ಲಿಬ್ಬಿ ಗಣಿಯಿಂದ 1990ರ ತನಕ ಬಂದ ಮಾಲಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿತ್ತು. ಮೊದಲು ಪರೀಕ್ಷೆಗೆ ಕಳಿಸಿ.

ಮಾಲು ಇಳಿಸಿಕೊಳ್ಳುವಾಗ

ಒಂದು ತಕ್ಕಡಿ, ಒಂದು ಅಳತೆಪಟ್ಟಿ ಸಾಕು. 1200×600×50 ಮಿ.ಮೀ. ಥರ್ಮೋಕೋಲ್ ಹಲಗೆಯ ಗಾತ್ರ 0.036 ಘನ ಮೀಟರ್. ಘನ ಮೀಟರಿಗೆ 20 ಕೆ.ಜಿ.ಯ ಮಾಲು ಎಂದು ಹೇಳಿ ಕೊಟ್ಟಿದ್ದರೆ ಹಲಗೆ 720 ಗ್ರಾಂ ತೂಗಬೇಕು. 500 ಗ್ರಾಂ ಬಂದರೆ ಅದು 14 ಕೆ.ಜಿ.ಯ ಮಾಲು, ವಾಪಸ್ ಕಳಿಸಿ. ಮೂಲೆಯೊಂದನ್ನು ಮುರಿದು ನೋಡಿ: ಮಣಿಗಳೇ ಸೀಳಿ ಒಳಮೈ ಕಂಡರೆ ಬೆಸುಗೆ ಚೆನ್ನಾಗಿದೆ, ಇಡೀ ಮಣಿಗಳು ಉದುರಿದರೆ ಇಲ್ಲ. ಪಿಐಆರ್‌ಗೆ ಹೊಸತಾಗಿದ್ದಾಗಿನ ಲ್ಯಾಂಬ್ಡಾ ಕೇಳಬೇಡಿ. ಒಳಗಿನ ಅನಿಲ ವರ್ಷಗಟ್ಟಲೆ ಸೋರುತ್ತದೆ, ಹಳೆಯದಾದ ಮೇಲಿನ ಘೋಷಿತ ಅಂಕಿ ಬೇಕು. ವೂಲ್ ಚೀಲಗಳನ್ನು ಹಿಂದಿನ ದಿನವೇ ಬಿಚ್ಚಬೇಡಿ, ಆದರೆ ಹಾಸುವ ಮುನ್ನ ಪೂರ್ತಿ ದಪ್ಪಕ್ಕೆ ಉಬ್ಬಲು ಬಿಟ್ಟು ಅಳೆಯಿರಿ. ಒದ್ದೆಯಾದ ಚೀಲ ಒಳಗೆ ಬರಬಾರದು.

ಹಲಗೆಗಳಿಗೆ ಶೇ 5, ಮೂಲೆಗಳು ಹೆಚ್ಚಿರುವ ಮನೆಗೆ ಶೇ 10 ಹೆಚ್ಚುವರಿ ತರಿಸಿ. ವೂಲ್ ಕತ್ತರಿಸುವವರಿಗೆ ಕನ್ನಡಕ, ಎನ್95 ಮುಖಗವಸು, ತುಂಬುತೋಳಿನ ಅಂಗಿ, ಕೈಗವಸು ಕೊಡಿಸಿ. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಿನಲ್ಲಿ ಉಜ್ಜದೆ ತೊಳೆದುಕೊಳ್ಳಲಿ. ವೂಲನ್ನು ಸಂದಿಗಿಂತ 10 ಮಿ.ಮೀ. ಅಗಲವಾಗಿ ಕತ್ತರಿಸಿದರೆ ತಾನಾಗಿ ಕಚ್ಚಿ ನಿಲ್ಲುತ್ತದೆ. ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ, ಅಳತೆಪಟ್ಟಿ ಚಿತ್ರದಲ್ಲಿ ಕಾಣುವಂತೆ: ಮುಂದೆ ಮೊಳೆ ಹೊಡೆಯುವಾಗ ವೈರು, ಪೈಪು ಎಲ್ಲಿವೆ ಎಂದು ಹುಡುಕುವಾಗ ಬೇಕಾಗುತ್ತದೆ.